ಎಡಗಡೆಯ ಸೀಟು

ಚಕ್ರದಡಿ ಇಟ್ಟಿದ್ದ ನಾಲ್ಕೂ ನಿಂಬೆಹಣ್ಣು ಪಚಕ್ಕೆಂದವು, ಕಾರು ಮುಂದೆ ಹೋಯಿತು. ಓಡಿಸುತ್ತಿದ್ದವಳು ಐವತ್ತೆಂಟರ ನಾನು! ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಇನ್ನು ಕಾರು ಓಡಿಸುವುದನ್ನು ಬಿಡಬೇಕು ಎಂದು ಮಂಡ್ಯದ ಡಾಕ್ಟರು ಹೇಳಿದ್ದೇ ತಡ, ಅವರೇ ಹಟ ಹಿಡಿದು ನನ್ನನ್ನು ಮಳವಳ್ಳಿಯ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದ್ದರು. ಅಂದು ಕೀಲಿಗೆ ಕುಂಕುಮ ಹಚ್ಚಿ ನನ್ನ ಕೈಗಿಟ್ಟವರೂ ಅವರೇ.

ರಸ್ತೆಯಿಂದ ಕಣ್ಣು ಕೀಳದೆ, ಅವರೊಂದಿಗೆ ಮಾತಾಡುತ್ತಲೇ ಹಲಗೂರು ಬಸ್‌ಸ್ಟ್ಯಾಂಡ್ ಮುಟ್ಟಿದೆ. "ಹೆಂಗದೆ ನನ್ನ ಡ್ರೈವಿಂಗು?" ಎಂದೆ. ತಿರುಗಿ ನೋಡಿದರೆ ಪಕ್ಕದ ಸೀಟು ಖಾಲಿ! ನಿಂಬೆಹಣ್ಣು ಸರಿಯಾಗಿ ಸಿಡಿಯುತ್ತದೆಯೇ ಎಂದು ನೋಡಲು ಕೆಳಗೆ ನಿಂತಿದ್ದವರನ್ನು ಹತ್ತಿಸಿಕೊಳ್ಳುವುದನ್ನೇ ಮರೆತು ಬಂದಿದ್ದೆ.

ರಿವರ್ಸ್ ಇನ್ನೂ ಸರಿಯಾಗಿ ಬರದು. ಊರೆಲ್ಲ ಸುತ್ತಿಕೊಂಡು ವಾಪಸ್ ಬಂದರೆ, ಇವರು ಗೇಟಿನ ಮುಂದೆ ಪಕ್ಕದ ಮನೆಯವನ ಹೆಗಲು ಹಿಡಿದು ಬಿದ್ದು ಬಿದ್ದು ನಗುತ್ತಿದ್ದರು. "ನನ್ನೇ ಬುಟ್ಟು ಒಂಟೋದ್ಲು ಕಣ್ಲಾ! ಡಾಕ್ಟ್ರು ಮರೆವು ಅಂದಿದ್ದು ನಂಗಾ, ಇವಳ್ಗಾ?"

ಈಗ ನಾನು ಕೀಲಿ ತಿರುಗಿಸುವ ಮೊದಲು ಎಡಗಡೆಯಿಂದ ದನಿ ಬರುತ್ತದೆ: "ನಾನು ಕುಂತಿವ್ನಿ ಕಣಮ್ಮಿ, ಬುಡು ಗಾಡಿಯ." ಏನೇನೋ ಮರೆಯುವ ಮನುಷ್ಯ, ಇದೊಂದನ್ನು ಹೇಳಲು ಇದುವರೆಗೆ ಮರೆತಿಲ್ಲ.