ಕೆಂಪಾಗಿದ್ದ ಆ ಮೂಲೆ

ಮಹಬೂಬಸಾಬರೇ, ಒಡೆದ ಆ ಹೌಸಿಂಗಿನಲ್ಲಿ ನಿಮ್ಮ ಎರಕದ ತಪ್ಪು ಇರಲಿಲ್ಲ. ತಪ್ಪು ನನ್ನದು. ತಿಳಿಯದೆ ಆದದ್ದೂ ಅಲ್ಲ — ಅದು ಒಡೆಯಬಹುದೆಂದು ನನಗೆ ಮೊದಲೇ ಗೊತ್ತಿತ್ತು.

ಬೆಟಗೇರಿಯ ಆ ಕಾರ್ಖಾನೆಯಲ್ಲಿ ಕೆಳಗೆ ನೀವು ಕಬ್ಬಿಣ ಎರೆಯುತ್ತಿದ್ದಿರಿ, ಮಹಡಿಯ ಮೇಲೆ ನಾನು ಕಂಪ್ಯೂಟರಿನ ಮುಂದೆ. ಎಣ್ಣೆ ಗಿರಣಿಯ ಗೇರುಗಳನ್ನು ಹಿಡಿದಿಡುವ ಪೆಟ್ಟಿಗೆಗೆ — ಅದೇ ಹೌಸಿಂಗಿಗೆ — ಎರಡು ವಿನ್ಯಾಸಗಳಿದ್ದವು. ದಪ್ಪ ಗೋಡೆಯ ಹಳೆಯದೊಂದು. ತೆಳು ಗೋಡೆಗೆ ಪಕ್ಕೆಲುಬಿನಂಥ ಪಟ್ಟಿಗಳನ್ನು ಕೊಟ್ಟ ನನ್ನದೊಂದು. ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ ಎರಡನ್ನೂ ಹೋಲಿಸಲು ಮಾಲೀಕರು ಹೇಳಿದ್ದರು. ಪರದೆಯ ಮೇಲೆ ಪೆಟ್ಟಿಗೆಯನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರಿನ ಮೇಲೂ ಎಷ್ಟು ಒತ್ತಡ ಬೀಳುತ್ತದೆಂದು ಲೆಕ್ಕ ಹಾಕುವ ಕೆಲಸ ಅದು. ದೊಡ್ಡ ಚೂರುಗಳಲ್ಲಿ ನೋಡಿದಾಗ ನನ್ನದೇ ಹಗುರ, ಗಟ್ಟಿಯೂ ಹೌದು. ಯಾಕೋ ಅನುಮಾನ ಬಂತು. ಮೂಲೆಯ ಚೂರುಗಳನ್ನು ಸಣ್ಣದಾಗಿಸಿದೆ — ಪಟ್ಟಿ ಗೋಡೆಗೆ ಕೂಡುವಲ್ಲಿ ಕೆಂಪು, ಒತ್ತಡ ಮಿತಿಮೀರಿದ ಗುರುತು. ಇನ್ನೂ ಸಣ್ಣದಾಗಿಸಿದೆ — ಕಡುಗೆಂಪು. ಗಿರಣಿ ಒಮ್ಮೆ ಜೋರಾಗಿ ಸಿಕ್ಕಿಕೊಂಡರೆ ಆ ಕಬ್ಬಿಣ ತಾಳುವಂತಿರಲಿಲ್ಲ.

ಆ ಚಿತ್ರ ಅಳಿಸಿದೆ. ದೊಡ್ಡ ಚೂರುಗಳ ಮೊದಲಿನ ಚಿತ್ರವನ್ನೇ ಮುದ್ರಿಸಿ ಮಾಲೀಕರಿಗೆ ಕೊಟ್ಟೆ. ನಾನೇ ಮಾಡಿದ ಮೊದಲ ವಿನ್ಯಾಸ — ಅದು ಸೋತಿತೆಂದು ನನ್ನ ಬಾಯಿಂದಲೇ ಹೇಳಲು ಮನಸ್ಸಾಗಲಿಲ್ಲ.

ಅಚ್ಚು ಕಟ್ಟುವಾಗ ನೀವು ಅದೇ ಮೂಲೆಯ ಮೇಲೆ ಬೆರಳಿಟ್ಟಿರಿ. "ಅಕ್ಕಾರ, ಇಲ್ಲೆ ಭಾಳ ತೆಳ್ಳಗ ಆಗೇತ್ರಿ. ಒಂದೀಟು ದಪ್ಪ ಮಾಡೂಣೇನ್ರಿ?"

"ಎಲ್ಲಾ ಲೆಕ್ಕ ಮಾಡೀನ್ರಿ. ಹಂಗ ಎರೀರಿ," ಎಂದೆ.

ನಾಲ್ಕು ಪೆಟ್ಟಿಗೆಗಳು ಹೋದವು — ಮುಂಡರಗಿಗೆ ಎರಡು, ಶಿರಹಟ್ಟಿಗೊಂದು, ಲಕ್ಷ್ಮೇಶ್ವರಕ್ಕೊಂದು. ಅಂದಿನಿಂದ ಕಾರ್ಖಾನೆಯ ಫೋನು ಹೊಡೆದುಕೊಂಡರೆ ನಾನು ಎತ್ತದೆ ಬೇರೆಯವರನ್ನು ಕಳಿಸುತ್ತಿದ್ದೆ. ಬಸ್ಸಿನ ಕಿಟಕಿಯಿಂದ ಗಿರಣಿಯ ಸದ್ದು ಕೇಳಿದರೆ, ಅದು ಸರಿಯಾಗಿ ಓಡುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ. ಶೇಂಗಾ ಸುಗ್ಗಿಯಲ್ಲಿ ಶಿರಹಟ್ಟಿಯದು ಸಿಡಿಯಿತು. ಅದರ ಚೂರು ಬಡಿದು, ಗಿರಣಿ ನಡೆಸುತ್ತಿದ್ದ ಬಸಪ್ಪನಿಗೆ ಬಲಗಾಲು ಮತ್ತೆಂದೂ ಮಡಚಲಾಗಲಿಲ್ಲ.

ಮಾಲೀಕರು ಒಡೆದ ತುಂಡನ್ನು ಮೇಜಿನ ಮೇಲಿಟ್ಟರು. "ಎರಕದಾಗ ಗಾಳಿ ಉಳದೈತಿ. ಹೌದಿಲ್ರಿ?" ಎಂದು ನನ್ನನ್ನು ಕೇಳಿದರು. ನೀವು ಅಲ್ಲೇ ನಿಂತಿದ್ದಿರಿ. ತುಂಡಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

"ಹೌದ್ರಿ," ಎಂದೆ.

ಮರುದಿನದಿಂದ ನೀವು ಕೆಲಸಕ್ಕೆ ಬರಲಿಲ್ಲ. ವರ್ಷಗಳ ನಂತರ ಮಲ್ಲಸಮುದ್ರದ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ಬೈಯಲಿಲ್ಲ. ಎರಡೂ ಅಂಗೈ ನೋಡಿಕೊಂಡು, "ನನ್ನ ಕೈಯಾಗ ಏನ್ ತಪ್ಪಾತೋ, ಇವತ್ತಿಗೂ ತಿಳೀವಲ್ದ್ರಿ ಅಕ್ಕಾರ," ಎಂದಿರಿ. ಆಗಲಾದರೂ ಹೇಳಬೇಕಿತ್ತು — ಬಂದ ಬಸ್ಸು ಹತ್ತಿಬಿಟ್ಟೆ.

ಈಗ ಮಾಲೀಕರಿಗೆ ಹೇಳಿದ್ದೇನೆ. ಬಸಪ್ಪನ ಎದುರು ನಿಂತೂ ಹೇಳಿದೆ. ಅವನು ಮುಖ ತಿರುಗಿಸಿಕೊಂಡ. ಮುಂಡರಗಿಯ ಎರಡನ್ನೂ ಬಿಚ್ಚಿಸಿದ್ದಾಯಿತು. ಲಕ್ಷ್ಮೇಶ್ವರದ್ದನ್ನು ಅಲ್ಲಿನ ಗಿರಣಿಯವರು ಯಾರಿಗೋ ಮಾರಿದ್ದಾರಂತೆ — ಯಾರಿಗೆಂದು ಅವರಿಗೂ ನೆನಪಿಲ್ಲ. ಊರೂರು ತಿರುಗಿ ಕೇಳುತ್ತಿದ್ದೇನೆ. ಎಲ್ಲೋ ಅದು ಓಡುತ್ತಿದೆ. ಅದರ ಪಕ್ಕದಲ್ಲಿ ಯಾರೋ ನಿಂತಿದ್ದಾರೆ.