ನಲವತ್ತರಲ್ಲಿ ಒಂದು ರೊಟ್ಟಿ

ಬೆಳಗಿನ ಐದೂವರೆ. ಚರ್ಚಿನ ಹಿಂದಿನ ಓಣಿಯಲ್ಲಿ ಹಾಲಿನವನ ಸೈಕಲ್ಲಿನ ಸದ್ದು ಕೂಡ ಇನ್ನೂ ಇಲ್ಲ. ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಲೆಯ ಮೇಲೆ ಎರಡು ಕಬ್ಬಿಣದ ತಟ್ಟೆಗಳನ್ನು ಕೀಲಿನಿಂದ ಜೋಡಿಸಿದ ಅಚ್ಚು ಕಾದಿದೆ. ರೊಟ್ಟಿಯಕ್ಕ ಅದರ ಮೇಲೆ ಒಂದು ಹನಿ ನೀರು ಚಿಮುಕಿಸುತ್ತಾರೆ. ಹನಿ ಕೂತಲ್ಲೇ ಕುದ್ದರೆ ಶಾಖ ಸಾಲದು, ಉರುಳಿ ಓಡಿದರೆ ಸರಿ. ಹನಿ ಓಡುತ್ತದೆ. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ನನ್ನ ಕೈಯಲ್ಲೇನಿದೆ, ನೀನೇ ನಡೆಸು ಸ್ವಾಮಿ" ಎಂದು ಗೊಣಗುತ್ತಾರೆ. ನೀರಾಗಿ ಕಲಸಿದ ಹಿಟ್ಟನ್ನು ಒಂದು ಸೌಟು ಹುಯ್ದು ಅಚ್ಚು ಮುಚ್ಚುತ್ತಾರೆ. ಅಂಚಿನಿಂದ ಹಬೆ ನುಗ್ಗುತ್ತದೆ. ತುಟಿಯಲ್ಲೇ ಎಣಿಸಿ ತೊಂಬತ್ತಕ್ಕೆ ತೆರೆದರೆ ಕಾಗದದಷ್ಟು ತೆಳ್ಳಗಿನ ಬಿಳಿ ಹಾಳೆ ಸಿದ್ಧ. ಅದರ ಮೇಲೆ ಎಂಟು ಸಾಲು, ಸಾಲಿಗೆ ಐದರಂತೆ ನಲವತ್ತು ಪುಟ್ಟ ಶಿಲುಬೆಗಳು.

ಹಾಳೆ ತೆಗೆದವರೇ ಆಕೆ ಬಾಗಿಲ ಕಡೆ ತಿರುಗಿ ನೋಡಿ, ಅಚ್ಚಿನ ಒಂದು ಅಂಚಿಗೆ ಮಸಿಬಟ್ಟೆ ಹೊದಿಸುತ್ತಾರೆ. ಬಾಗಿಲಲ್ಲಿ ನಿಂತಿರುವುದು ಪತ್ರಿಕೆಯವಳು, ಅಂದರೆ ಈ ಲೇಖನ ಬರೆಯುತ್ತಿರುವವಳೇ.

"ಅಲ್ಲಿಂದಲೇ ನೋಡಿ. ಹತ್ತಿರ ಬಂದರೆ ಬಿಸಿ ತಗಲುತ್ತೆ."

"ಅಚ್ಚಿನದ್ದೊಂದು ಫೋಟೋ ಬೇಕಿತ್ತಲ್ಲ ಅಮ್ಮ."

"ಕಬ್ಬಿಣದ ಫೋಟೋ ಯಾರಿಗೆ ಬೇಕು? ಬೇಕಾದರೆ ಒಲೆಯದ್ದು ತಗೊಳ್ಳಿ."

ಪತ್ರಿಕೆಯವಳನ್ನು ಕಳಿಸಿದವರು ಹೊಸ ಗುರುಗಳು. ಚರ್ಚಿಗೆ ಬಂದು ಆರು ತಿಂಗಳಾಗಿರುವ ಈ ಯುವ ಪಾದ್ರಿ, ಎರಡು ವಾರದ ಹಿಂದೆ ಗರ್ವದ ಬಗ್ಗೆ ಪ್ರಸಂಗ ಮಾಡಿದ್ದರು. ಪಾಪಗಳಲ್ಲಿ ಹಿರಿಯದು ಅದೇ, ಉಳಿದವೆಲ್ಲ ಅದರ ಬೆನ್ನು ಹಿಡಿದು ಬಂದವು, ದೇವರ ಮುಂದೆ ಬರಿಗೈಯಲ್ಲಿ ನಿಲ್ಲುವವರಿಗೆ ಮಾತ್ರ ಏನಾದರೂ ಸಿಗುತ್ತದೆ ಎಂದಿದ್ದರು. ಆಮೇಲೆ ಕೊನೆಯ ಸಾಲಿನ ಕಡೆ ಕೈ ತೋರಿಸಿ, "ದೀನತೆ ಅಂದರೇನು ಅಂತ ತಿಳೀಬೇಕಾದರೆ ನಮ್ಮ ರೊಟ್ಟಿಯಕ್ಕನನ್ನು ನೋಡಿ" ಎಂದರು. ಜನರೆಲ್ಲ ಕತ್ತು ತಿರುಗಿಸಿದರು. ರೊಟ್ಟಿಯಕ್ಕ ತಲೆ ತಗ್ಗಿಸಿದರು. ನಾಚಿಕೆ ಎಂದುಕೊಂಡರು ಎಲ್ಲರೂ. ಆಕೆಯ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಗುರುಗಳಿಗೆ ಯಾರೋ ಹೇಳಿಬಿಟ್ಟಿದ್ದಾರೆ, ಹೊಗಳುವ ನೆಪದಲ್ಲಿ ನನ್ನನ್ನು ಚುಚ್ಚುತ್ತಿದ್ದಾರೆ ಎಂಬ ಗುಮಾನಿ ಅಂದೇ ಹೊಕ್ಕಿತು. ಅದಾದ ಮೇಲೆ ಪತ್ರಿಕೆಯವಳು ಬೇರೆ ಬಂದು ಕೂತರೆ ಗುಮಾನಿಗೆ ಕಾಲು ಮೂಡದೆ ಇರುತ್ತದೆಯೇ?

"ಎಲೆಮರೆಯ ಕಾಯಿ ಅಂತ ಬರೀತೀವಿ ಅಮ್ಮ, ಒಳ್ಳೆಯದಕ್ಕೇ."

"ಎಲೆ ಸರಿಸಿ ನೋಡೋರಿಗೆ ಏನೋ ಬೇಕಾಗಿರುತ್ತೆ. ನಿಮಗೇನು ಬೇಕು ಹೇಳಿ ಮೊದಲು."

ಬೇಕಾದದ್ದು ಹೆಚ್ಚೇನಿಲ್ಲ. ಆಕೆಗೆ ಅರವತ್ತೆರಡು ವರ್ಷ. ಗಂಡ ತೀರಿಕೊಂಡ ವರ್ಷ ಹಿಡಿದ ಸೌಟು, ಮೂವತ್ತೊಂದು ವರ್ಷದಿಂದ ಕೆಳಗಿಟ್ಟಿಲ್ಲ. ಪೂಜೆಯಲ್ಲಿ ಗುರುಗಳು ಆಶೀರ್ವದಿಸಿ ಜನರ ಅಂಗೈಗೆ ಕೊಡುವ ಬಿಲ್ಲೆಯಂಥ ರೊಟ್ಟಿ ಈ ಅಡುಗೆಕೋಣೆಯಿಂದ ಒಂಬತ್ತು ಚರ್ಚುಗಳಿಗೆ ಹೋಗುತ್ತದೆ. ಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪಿಲ್ಲ, ಸಕ್ಕರೆಯಿಲ್ಲ, ಎಣ್ಣೆಯಿಲ್ಲ, ಉಬ್ಬಿಸಲು ಹುಳಿಯಂತೂ ಇಲ್ಲವೇ ಇಲ್ಲ. ದಿನಕ್ಕೆ ಅರವತ್ತು ಹಾಳೆ ಬೇಯುತ್ತದೆ. ಬೆಂದ ಹಾಳೆ ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿ. ಅದಕ್ಕೇ ಒಂದು ದಿನ ಒದ್ದೆ ಬಟ್ಟೆಗಳ ನಡುವೆ ಮಲಗಿಸಿ, ಮೆತ್ತಗಾದ ಮೇಲೆ ಮಾರನೆಯ ದಿನ ಕತ್ತರಿಸಬೇಕು. ಬಲ ಮೊಣಕೈ ಮೇಲೆ ಹಳೆಯ ಸುಟ್ಟಗಾಯಗಳು. ಮೂರು ವರ್ಷದಿಂದ ಭುಜ ಮೇಲೇಳುವುದಿಲ್ಲ, ಆದ್ದರಿಂದ ಅಚ್ಚನ್ನು ಎಡಗೈಯಿಂದ ಮುಚ್ಚುತ್ತಾರೆ.

"ಎಲ್ಲಾ ಒಬ್ಬರೇ ಮಾಡ್ತೀರಾ?"

"ಒಬ್ಬಳೇ."

ಪತ್ರಿಕೆಯವಳ ಕಣ್ಣು ಪಕ್ಕದ ಕೋಣೆಯತ್ತ ಹೋಗುತ್ತದೆ. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಇನ್ನೊಬ್ಬ ಹೆಂಗಸು ಕೂತಿದ್ದಾರೆ. ಒಂದು ಕೈಯಲ್ಲಿ ಚೂಪು ಬಾಯಿಯ ಉಕ್ಕಿನ ಕೊಳವೆ, ಇನ್ನೊಂದರಲ್ಲಿ ನಿನ್ನೆಯ ಹಾಳೆ. ಒತ್ತಿ ತಿರುಗಿಸಿದರೆ ಒಂದು ರೊಟ್ಟಿ. ಒತ್ತು, ತಿರುಗಿಸು, ಒತ್ತು, ತಿರುಗಿಸು. ಹೀಗೆ ಬೆಳಗಿನಿಂದ ಬಿಸಿಲೇರುವ ತನಕ.

"ಅವಳಾ? ನನ್ನ ನಾದಿನಿ. ಸುಮ್ನೆ ಕತ್ತರಿಸ್ತಾಳೆ" ಎನ್ನುತ್ತಾರೆ ರೊಟ್ಟಿಯಕ್ಕ.

ನಾದಿನಿ ತಲೆಯೆತ್ತುವುದಿಲ್ಲ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವರು, ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆಗೇ ಇದ್ದಾರೆ. ಮಾತು ಕಮ್ಮಿ. ಮಾತು ಕಮ್ಮಿ ಇರುವವರ ಮೇಲೆ ರೊಟ್ಟಿಯಕ್ಕನಿಗೆ ಮೊದಲಿಂದಲೂ ಒಂದು ಕಣ್ಣು.

ಇನ್ನು ಆ ಮಸಿಬಟ್ಟೆಯ ವಿಷಯ. ಇದನ್ನು ಆಕೆ ಬಾಯಿಬಿಟ್ಟಿದ್ದು ಆಮೇಲೆ, ಆದರೆ ಓದುವವರು ಈಗಲೇ ತಿಳಿದಿರಲಿ. ಹನ್ನೆರಡು ವರ್ಷದ ಹಿಂದೆ ಹಳೆಯ ಗುರುಗಳ ಸೇವೆಗೆ ಇಪ್ಪತ್ತೈದು ತುಂಬಿದ ಸಮಾರಂಭ. ಹೂ ಜೋಡಿಸುವವರಿಗೆ ವಂದನೆ, ಹಾಡುವವರಿಗೆ ವಂದನೆ, ಬಣ್ಣ ಬಳಿದವನಿಗೆ, ಕುರ್ಚಿ ತಂದವನಿಗೆ ವಂದನೆ. ರೊಟ್ಟಿಯಕ್ಕ ಕೊನೆಯ ಸಾಲಿನಲ್ಲಿ ಕತ್ತು ಚಾಚಿ ಕೂತಿದ್ದೇ ಬಂತು, ಅವರ ಹೆಸರು ಬರಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಲು ಸಿದ್ಧವಾಗಿದ್ದರಂತೆ. ಹಾಗೇ ಕೂತರು.

ಅದರ ಮುಂದಿನ ತಿಂಗಳು ಅಚ್ಚಿನ ಶಿಲುಬೆಗಳು ಸವೆದಿವೆ ಎಂದು ಕೆತ್ತುವವನ ಬಳಿ ಹೋದಾಗ, ಕಡೆಯ ಸಾಲಿನ ಮೂರನೆಯ ಶಿಲುಬೆಯ ಬಲತೋಳಿನ ಕೆಳಗೆ ಒಂದು ಚುಕ್ಕೆ ಹಾಕಿಸಿದರು. ಸಾಸಿವೆಗಿಂತ ಚಿಕ್ಕದು. ಕೆತ್ತುವವನು ಯಾಕೆಂದು ಕೇಳಿದ್ದಕ್ಕೆ "ಗುರುತಿಗೆ" ಎಂದರು. ಯಾರ ಗುರುತು ಎಂದು ಅವನು ಕೇಳಲಿಲ್ಲ. ಅಂದಿನಿಂದ ನಲವತ್ತು ರೊಟ್ಟಿಗೆ ಒಂದರ ಮೇಲೆ ಆಕೆಯ ಚುಕ್ಕೆ. ಒಂಬತ್ತು ಚರ್ಚುಗಳಲ್ಲಿ ದಿನಾ ಯಾರದೋ ನಾಲಿಗೆಯ ಮೇಲೆ ನಾನು ಕರಗುತ್ತಿದ್ದೇನೆ ಎಂದುಕೊಂಡಾಗ ಆಕೆಗೆ ಆಗುತ್ತಿದ್ದ ಸುಖ ಅಷ್ಟಿಷ್ಟಲ್ಲ. ಸುಖದ ಹಿಂದೆಯೇ ಹೆದರಿಕೆ. ಗುರುಗಳು "ಕ್ರಿಸ್ತರ ಶರೀರ" ಎಂದು ಅಂಗೈಗೆ ರೊಟ್ಟಿ ಇಟ್ಟಾಗ ಆಕೆ "ಆಮೆನ್" ಎನ್ನುತ್ತಿದ್ದುದು ನಿಜ, ಆದರೆ ಕಣ್ಣು ಹುಡುಕುತ್ತಿದ್ದುದು ತಮ್ಮ ಚುಕ್ಕೆಯನ್ನು. ಒಮ್ಮೆಯೂ ಸಿಗಲಿಲ್ಲ. ದೇವರು ನನಗೆ ಮಾತ್ರ ಅದನ್ನು ಕೊಡುತ್ತಿಲ್ಲ ಎಂದು ದೇವರ ಮೇಲೂ ಗುಮಾನಿ ಬಂತು.

ಪ್ರತಿ ಸಲ ಪಾಪನಿವೇದನೆಗೆ ಹೋಗುವ ಹಿಂದಿನ ದಿನ ಆ ಕುಳಿಗೆ ಹಿಟ್ಟು ಮೆತ್ತಿ ನೋಡುತ್ತಿದ್ದರು, ಮೇಣ ತುಂಬಿ ನೋಡುತ್ತಿದ್ದರು. ಎರಡನೆಯ ಹಾಳೆಗೆಲ್ಲ ಸುಟ್ಟು ಉದುರುತ್ತಿತ್ತು. ಕಬ್ಬಿಣದಲ್ಲಿ ತೋಡಿದ್ದನ್ನು ಅಳಿಸಲು ಬರುವುದಿಲ್ಲ. ಗುರುಗಳ ಮುಂದೆ ಮೊಣಕಾಲೂರಿ ನಾದಿನಿಯ ಮೇಲೆ ರೇಗಿದ್ದು, ಪಕ್ಕದ ಮನೆಯವರ ಬಗ್ಗೆ ಆಡಿಕೊಂಡಿದ್ದು ಎಲ್ಲ ಹೇಳುತ್ತಿದ್ದರು. ಚುಕ್ಕೆಯ ಬಳಿ ಬಂದಾಗ "ಅಷ್ಟೇ ಗುರುಗಳೇ" ಎಂದು ಮುಗಿಸಿಬಿಡುತ್ತಿದ್ದರು. ಈಗ ಪತ್ರಿಕೆಯಲ್ಲಿ ಅಚ್ಚಿನ ಫೋಟೋ ಬಂದು, ಯಾರೋ ಒಬ್ಬರು ಕನ್ನಡಕ ಏರಿಸಿ ನೋಡಿದರೆ ಮೂವತ್ತೊಂದು ವರ್ಷದ ಮರ್ಯಾದೆ ಮಣ್ಣುಪಾಲು.

ಹತ್ತು ಗಂಟೆಗೆ ಬೇಯಿಸುವುದು ಮುಗಿದಿದೆ. ಪಕ್ಕದ ಕೋಣೆಯಲ್ಲಿ ಕತ್ತರಿಸುವುದೂ ಮುಗಿಯುತ್ತಾ ಬಂದಿದೆ. ಪತ್ರಿಕೆಯವಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಲೆಕ್ಕವನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾಳೆ. ಇಂಥ ಲೇಖನಗಳಿಗೆ ಅಂಕಿಗಳಿದ್ದರೆ ತೂಕ. ನಿನ್ನೆ ಕತ್ತರಿಸಿದ್ದು ಅರವತ್ತು ಹಾಳೆ. ಡಬ್ಬಗಳಿಗೆ ಹೋದದ್ದು ಎರಡು ಸಾವಿರದ ಇನ್ನೂರ ಇಪ್ಪತ್ತೆಂಟು, ಒಡೆದದ್ದು ನೂರ ಹನ್ನೆರಡು. ಕೂಡಿಸಿ ನೋಡಿ ಹುಬ್ಬು ಗಂಟಿಕ್ಕುತ್ತಾಳೆ.

"ಎರಡು ಸಾವಿರದ ನಾನೂರು ಆಗಬೇಕಲ್ವಾ ಅಮ್ಮ? ಅರವತ್ತು ಕಮ್ಮಿ ಇದೆ. ಹಾಳೆಗೊಂದು ಕಮ್ಮಿ."

ಕೇಳಿದ ಪ್ರಶ್ನೆ ಸಣ್ಣದು. ಆದರೆ ರೊಟ್ಟಿಯಕ್ಕನ ಮುಖಕ್ಕೆ ರಕ್ತ ನುಗ್ಗುತ್ತದೆ. ಈ ಅರವತ್ತರ ಹಿಂದೆ ಆಕೆ ವರ್ಷಗಟ್ಟಲೆ ಬಿದ್ದಿದ್ದಾರೆ. ನಾದಿನಿಯ ಪೆಟ್ಟಿಗೆ ನೋಡಿದ್ದಾರೆ, ದಿಂಬಿನ ಕೆಳಗೆ ನೋಡಿದ್ದಾರೆ. ಯಾರಿಗೋ ಕದ್ದು ಕೊಡುತ್ತಾಳೆ ಎಂಬುದು ಆಕೆಯ ಖಾತ್ರಿ. ಕೇಳಲು ಮಾತ್ರ ಬಿಗುಮಾನ. ಈಗ ಹೊರಗಿನ ಸಾಕ್ಷಿಯೇ ಸಿಕ್ಕಂತಾಗಿದೆ.

"ನೋಡಿದ್ಯಾ? ಇವರಿಗೂ ಗೊತ್ತಾಯ್ತು!" ಎಂದು ಪಕ್ಕದ ಕೋಣೆಗೆ ನುಗ್ಗುತ್ತಾರೆ. "ಹೇಳೇ, ದಿನಾ ಅರವತ್ತು ರೊಟ್ಟಿ ಎಲ್ಲಿಗೆ ಹೋಗುತ್ತೆ? ಪತ್ರಿಕೆಯವರ ಎದುರೇ ಹೇಳು."

ನಾದಿನಿಯ ಕೈ ನಿಲ್ಲುತ್ತದೆ. "ಅವರೆದುರು ಬೇಡ ಅತ್ತಿಗೆ."

"ಯಾಕೆ ಬೇಡ? ಮುಚ್ಚಿಡೋ ಅಂಥದ್ದು ಏನಿದೆ ಈ ಮನೇಲಿ?"

"ಇದೆ ಅಂತಲೇ ಬೇಡ ಅಂತಿರೋದು."

"ಕದ್ದೋರಿಗೆ ಇರುತ್ತೆ. ನನಗೇನಿಲ್ಲ. ತೆಗಿ ಹೊರಗೆ!"

ನಾದಿನಿ ಒಂದು ಗಳಿಗೆ ಅತ್ತಿಗೆಯ ಮುಖ ನೋಡುತ್ತಾರೆ. ಆಮೇಲೆ ಕಿಟಕಿಯ ಹೊರಗಟ್ಟೆಯ ಮೇಲೆ ಕೈ ಚಾಚಿ, ಗುಬ್ಬಿಗಳ ನೀರಿನ ಬಟ್ಟಲ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬ ತೆಗೆದು ಮುಚ್ಚಳ ಬಿಚ್ಚುತ್ತಾರೆ. ಒಳಗೆ ಈ ದಿನದ ರೊಟ್ಟಿಗಳು. ಒಂದೊಂದರ ಮೇಲೂ ಶಿಲುಬೆ, ಒಂದೊಂದು ಶಿಲುಬೆಯ ಬಲತೋಳಿನ ಕೆಳಗೂ ಒಂದು ಚುಕ್ಕೆ.

ರೊಟ್ಟಿಯಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಇನ್ನೊಂದು ಎತ್ತುತ್ತಾರೆ.

"ಯಾವಾಗಿಂದ?"

"ಕೆತ್ತಿಸಿಕೊಂಡು ಬಂದ ಮಾರನೇ ದಿನದಿಂದ. ನಾನು ಕತ್ತರಿಸೋಳಲ್ವಾ ಅತ್ತಿಗೆ, ಒಂದೊಂದನ್ನೂ ನೋಡಿಯೇ ಕತ್ತರಿಸಬೇಕು."

"ಹಾಗಾದರೆ ಚರ್ಚಿಗೆ... ಒಂದೂ ಹೋಗಿಲ್ವಾ?"

"ನನ್ನ ಕಣ್ಣು ತಪ್ಪಿಸಿ ಹೋಗಿದ್ದರೆ ಗೊತ್ತಿಲ್ಲ. ನಾನಂತೂ ಕಳಿಸಿಲ್ಲ. ಗುಬ್ಬಿಗಳಿಗೆ ಹಾಕ್ತೀನಿ. ಉಳಿದದ್ದು ಚಹಾಕ್ಕೆ ಅದ್ದಿ ನಾನೇ ತಿಂತೀನಿ. ಹನ್ನೆರಡು ವರ್ಷ ಆಯ್ತು, ನನಗೂ ಸಾಕಾಗಿದೆ."

ರೊಟ್ಟಿಯಕ್ಕ ಅಲ್ಲೇ ಹಿಟ್ಟಿನ ಚೀಲದ ಮೇಲೆ ಕುಸಿದು ಕೂರುತ್ತಾರೆ. ಒಂಬತ್ತು ಚರ್ಚುಗಳ ಜನ, ಸಾವಿರಾರು ನಾಲಿಗೆಗಳು, ಅವುಗಳ ಮೇಲೆ ಕರಗುತ್ತಿದ್ದ ತಾವು. ಎಲ್ಲ ಗುಬ್ಬಿಗಳ ಪಾಲಾಗಿದೆ. ನಾಚಿಕೆಯಿಂದ ಆಕೆಗೆ ಅಳು ಬರುತ್ತದೆ. ಸೆರಗಿನಿಂದ ಮುಖ ಮುಚ್ಚಿಕೊಂಡು, ಪತ್ರಿಕೆಯವಳಿದ್ದಾಳೆ ಎಂಬುದನ್ನೂ ಮರೆತು ಅಳುತ್ತಾರೆ. ಪತ್ರಿಕೆಯವಳು ಪೆನ್ನು ಮುಚ್ಚಿ ಕಿಟಕಿಯ ಕಡೆ ನೋಡುತ್ತಾಳೆ.

"ಯಾಕೇ ಹೇಳಲಿಲ್ಲ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ನೀವು ತಲೆ ತಗ್ಗಿಸ್ತಿದ್ರಿ. ಆಮೇಲೆ ನಾನು ತಲೆ ಎತ್ಕೊಂಡು ಓಡಾಡ್ತಿದ್ದೆ, ಅತ್ತಿಗೆ ತಪ್ಪು ಹಿಡಿದೋಳು ನಾನು ಅಂತ." ನಾದಿನಿ ಕೊಳವೆಯ ಬಾಯಿಗೆ ಅಂಟಿದ ಪುಡಿ ಒರೆಸುತ್ತಾರೆ. "ಒಂದು ಮನೇಲಿ ಒಬ್ಬರಿಗೆ ಆ ಕಾಯಿಲೆ ಇದ್ದರೆ ಸಾಕಲ್ವಾ?"

ಅಳುವಿನ ನಡುವೆಯೇ ರೊಟ್ಟಿಯಕ್ಕನಿಗೆ ನಗು ನುಗ್ಗುತ್ತದೆ. ಕಣ್ಣೊರೆಸಿಕೊಂಡು ಯಾರಿಗೆಂದಿಲ್ಲದೆ ಹೇಳುತ್ತಾರೆ: "ದಿನಾ ಬೆಳಿಗ್ಗೆ ನೀನೇ ನಡೆಸು, ನೀನೇ ನಡೆಸು ಅಂತಿದ್ದೆ. ಬರೀ ಬಾಯಿಮಾತು. ಆದರೂ ನಡೆಸ್ತಾನೇ ಇದ್ದ ನೋಡಿ. ನಾನು ಕೆಡಿಸಿದ್ದನ್ನೆಲ್ಲ ಇವಳ ಕೈಲಿ ಆರಿಸಿ ತೆಗೆಸ್ತಾ ಇದ್ದ."

ಕೈಯಲ್ಲಿದ್ದ ಚುಕ್ಕೆಯ ರೊಟ್ಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಹನ್ನೆರಡು ವರ್ಷ ಅಂಗೈಯಲ್ಲಿ ಹುಡುಕಿದ್ದು ಅದನ್ನೇ.

"ಸಪ್ಪೆ ಕಣೇ."

"ಮತ್ತಿನ್ನೇನು? ಹಿಟ್ಟು ನೀರು ತಾನೇ."

ಹೊಸ ಅಚ್ಚು ಬರುವ ತನಕ ಚುಕ್ಕೆ ಅಲ್ಲೇ ಇರಬೇಕು, ದಿನಾ ಅರವತ್ತನ್ನು ಆರಿಸಿ ತೆಗೆಯುವುದೂ ತಪ್ಪುವುದಿಲ್ಲ. ಇನ್ನು ಮೇಲೆ ಆರಿಸುವವರು ಇಬ್ಬರು, ಚಹಾಕ್ಕೆ ಅದ್ದುವವರೂ ಇಬ್ಬರು. ಶನಿವಾರ ಗುರುಗಳ ಮುಂದೆ ಮೊಣಕಾಲೂರಿ ಎಲ್ಲ ಹೇಳುವುದೆಂದೂ ತೀರ್ಮಾನವಾಗಿದೆ. ಹೊರಡುವ ಮುಂಚೆ ಪತ್ರಿಕೆಯವಳು, "ಚುಕ್ಕೆ ವಿಷಯ ಬರೆಯೋದಿಲ್ಲ ಬಿಡಿ ಅಮ್ಮ" ಎನ್ನುತ್ತಾಳೆ.

"ಬರೀರಿ. ಬರೀದೆ ಹೋದರೆ ನೀವು ಬರೆದದ್ದೆಲ್ಲ ಸುಳ್ಳಾಗುತ್ತೆ. ಹೆಸರು ಮಾತ್ರ ಬೇಡ. ತಪ್ಪೊಪ್ಪಿಕೊಂಡ ಮಹಾತಾಯಿ ಅಂತ ಹೆಸರು ಬಂದರೆ ಅದಕ್ಕೂ ಉಬ್ಬಿಹೋಗ್ತೀನಿ. ನನ್ನನ್ನ ನಂಬಬೇಡಿ."

"ಮತ್ತೇನಾದರೂ ಆಸೆ?"

ರೊಟ್ಟಿಯಕ್ಕ ಯೋಚಿಸುತ್ತಾರೆ. "ಬೆಳಿಗ್ಗೆ ಒಬ್ಬಳೇ ಮಾಡ್ತೀನಿ ಅಂದಿದ್ದೆನಲ್ಲ, ಅದಕ್ಕೆ ಗೀಟು ಹಾಕಿ. ಇಬ್ಬರು ಅಂತ ಬರೀರಿ."

ಪತ್ರಿಕೆಯವಳು ಗೀಟು ಹಾಕಿ ಬರೆಯುತ್ತಾಳೆ. ಆದರೆ ರೊಟ್ಟಿಯಕ್ಕನಿಗೆ ಪತ್ರಿಕೆಯವರನ್ನು ನಂಬಿ ಅಭ್ಯಾಸವಿಲ್ಲ. "ಎಲ್ಲಿ, ತೋರಿಸಿ" ಎಂದು ಕನ್ನಡಕ ಹುಡುಕಿ ಹಾಕಿಕೊಂಡು, ಪುಸ್ತಕವನ್ನು ಕೈಗೆ ತೆಗೆದುಕೊಂಡು, ಸಾಲಿನ ಮೇಲೆ ಹಿಟ್ಟಿನ ಬೆರಳಿಟ್ಟು ನಿಧಾನವಾಗಿ ಓದುತ್ತಾರೆ.

"ರೊಟ್ಟಿಯಕ್ಕ ಮತ್ತು ಅವರ ನಾದಿನಿ... ಊಹೂಂ. ತಿರುಗಿಸಿ ಬರೀರಿ. ಅವಳದ್ದು ಮೊದಲು."