ಹಿತ್ತಿಲಿಗೆ ಬಂದ ಡಿಡಿಟಿ ಪಂಪು

ನನ್ನ ಗಂಡನ ಪಾಲಿಗೆ ಹುಳುಗಳದ್ದೆಲ್ಲ ಒಂದೇ ಜಾತಿ. ಹರಿಯುವುದು, ಹಾರುವುದು, ಕಚ್ಚುವುದು, ಕಚ್ಚದಿರುವುದು ಎಲ್ಲವೂ ಶತ್ರುಗಳೇ. ಅರವತ್ತರ ದಶಕದ ಮೊದಲಲ್ಲಿ ಬಸವನಗುಡಿಯ ವಠಾರ ಬಿಟ್ಟು ಜಯನಗರದ ಹೊಸ ಮನೆಗೆ ಬರುವವರೆಗೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ವಠಾರದಲ್ಲಿ ಹಿತ್ತಿಲೇ ಇರಲಿಲ್ಲವಲ್ಲ.

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸ್ವಲ್ಪ ದೂರ ನಡೆದರೆ ರಾಗಿ ಹೊಲ ಸಿಗುತ್ತಿತ್ತು. ಮಳೆಗಾಲದಲ್ಲಿ ಅತ್ತೆ ಹಿತ್ತಿಲಿಗೆ ಚಪ್ಪರ ಹಾಕಿಸಿ ಅವರೆ ಹಬ್ಬಿಸಿದರು, ಪಕ್ಕದಲ್ಲಿ ಸಿಹಿಗುಂಬಳದ ಬೀಜ ಊರಿದರು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಅವರೆ ಹೂ ಬಿಟ್ಟಿತು. ಹಿಂದೆಯೇ ಕುಡಿಗಳಿಗೆಲ್ಲ ಕಪ್ಪು ಹೇನು ಮುತ್ತಿತು.

ನಾನು ಇಂಟರ್‌ಮೀಡಿಯೆಟ್‌ನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು. ಪುಸ್ತಕದಲ್ಲಿದ್ದದ್ದೆಲ್ಲ ಚಪ್ಪರದ ಮೇಲೆ ಜೀವಂತವಾಗಿ ನಡೆಯುತ್ತಿತ್ತು. ಹೇನುಗಳು ಕುಡಿಯ ರಸ ಹೀರುತ್ತಿದ್ದವು. ಇರುವೆಗಳು ಹೇನಿನ ಬೆನ್ನು ತಟ್ಟಿ, ಅದು ಬಿಡುವ ಸಿಹಿನೀರು ಕುಡಿಯುತ್ತಿದ್ದವು, ಥೇಟ್ ಹಸು ಕರೆದ ಹಾಗೆ. ಗುಲಗಂಜಿಯಷ್ಟು ಗಾತ್ರದ, ಕಪ್ಪು ಚುಕ್ಕೆಯ ಕೆಂಪು ಹುಳುಗಳು ಬಂದು ಆ ಹೇನುಗಳನ್ನೇ ತಿನ್ನುತ್ತಿದ್ದವು. ಅವುಗಳ ಮರಿಗಳು ನೋಡಲು ಪುಟ್ಟ ಮೊಸಳೆಗಳಂತೆ ಕುರೂಪಿಗಳು, ತಿನ್ನುವುದರಲ್ಲಿ ದೊಡ್ಡವನ್ನೂ ಮೀರಿಸಿದವು.

"ನೋಡಿ, ಈ ಕೆಂಪು ಹುಳ ಹೇನನ್ನ ತಿಂದು ಖಾಲಿ ಮಾಡ್ತಾವೆ. ಸ್ವಲ್ಪ ದಿನ ಸುಮ್ನಿರಿ," ಎಂದೆ.

"ನಿನ್ ಬಾಟನಿ ಎಲ್ಲಾ ಪರೀಕ್ಷೆಗೆ ಸರಿ ಕಣೆ," ಎಂದರು ಅವರು. "ಗಿಡ ಉಳೀಬೇಕಲ್ಲ?"

ಮರುದಿನ ಆಫೀಸಿನಿಂದ ಬರುವಾಗ ಸೈಕಲ್ಲಿನ ಹಿಂದೆ ಕೈಪಂಪು, ಡಬ್ಬಿ ತುಂಬ ಡಿಡಿಟಿ. ಮೂಗಿಗೆ ಟವೆಲು ಕಟ್ಟಿಕೊಂಡು, ಬನಿಯನ್ನಿನಲ್ಲಿ ನಿಂತು, ಚಪ್ಪರವನ್ನೂ ಕುಂಬಳದ ಬಳ್ಳಿಯನ್ನೂ ತೊಯ್ಯಿಸಿಬಿಟ್ಟರು. ಬೆಳಿಗ್ಗೆ ನೆಲದ ಮೇಲೆ ಹೇನು ಬಿದ್ದಿತ್ತು, ಇರುವೆ ಬಿದ್ದಿತ್ತು, ಕೆಂಪು ಹುಳುವೂ ಬಿದ್ದಿತ್ತು. "ಹೆಂಗೆ?" ಎಂದು ನನ್ನ ಮುಖ ನೋಡಿದರು. ಅವರೆಕಾಯನ್ನು ಇನ್ನು ತಿನ್ನುವುದು ಹೇಗೆ ಎಂಬ ಯೋಚನೆ ನನಗೆ.

ಹೇನು ಹದಿನೈದು ದಿನದೊಳಗೆ ವಾಪಸ್ಸು ಬಂತು, ಮೊದಲಿಗಿಂತ ದಟ್ಟವಾಗಿ. ಅದು ಮರಿ ಹಾಕುವ ವೇಗ ತಿನ್ನುವ ಹುಳುವಿಗೆಲ್ಲಿ ಬರಬೇಕು? ತಿನ್ನುವವರಿಲ್ಲದ ಮನೆಯಲ್ಲಿ ಅದಕ್ಕೆ ಹಬ್ಬವೋ ಹಬ್ಬ. ನಾನು ಇದನ್ನು ಊಟದ ಹೊತ್ತಿನಲ್ಲಿ ವಿವರಿಸಿದೆ, ಕಾಫಿ ಕೊಡುವಾಗ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಹಾಗಾದ್ರೆ ಡೋಸ್ ಕಮ್ಮಿ ಆಯ್ತು," ಎಂದು ಇನ್ನೊಂದು ಡಬ್ಬಿ ತಂದರು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನಿಸಿತು.

ಎರಡನೆಯ ಸಲ ಹೊಡೆದ ಮೇಲೆ ಕುಂಬಳವೂ ಕೈಕೊಟ್ಟಿತು. ಬಳ್ಳಿ ತುಂಬ ಹಳದಿ ಹೂ, ಆದರೆ ಮೂಸಂಬಿಯಷ್ಟೂ ಆಗದೆ ಪೀಚುಗಳೆಲ್ಲ ಹಳದಿ ತಿರುಗಿ ಉದುರುತ್ತಿದ್ದವು. ಅತ್ತೆ, "ಯಾರದೋ ಕಣ್ಣು ಬಿದ್ದಿದೆ," ಎಂದು ಚಪ್ಪರಕ್ಕೆ ಹರಿದ ಚಪ್ಪಲಿ ಕಟ್ಟಿದರು. ಗಂಡ, "ಮಣ್ಣು ಸರಿಯಿಲ್ಲ," ಎಂದು ಗೊಬ್ಬರ ತರಿಸಿದರು. ಬೆಳಿಗ್ಗೆ ಹೂ ಅರಳುವ ಹೊತ್ತಿಗೆ ಬರುತ್ತಿದ್ದ ಜೇನಿನ ಸದ್ದೇ ಇಲ್ಲವೆಂಬುದು ಇಬ್ಬರ ಕಿವಿಗೂ ಬಿದ್ದಿರಲಿಲ್ಲ.

ಕೊನೆಗೆ ನಾನೇ ಸೆರಗು ಸಿಕ್ಕಿಸಿ ಇಳಿದೆ. ಗಂಡು ಹೂ ಕಿತ್ತು, ಎಸಳು ಹರಿದು, ಒಳಗಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರತೊಡಗಿದೆ. ಅಡುಗೆಮನೆ ಬಾಗಿಲಿಗೆ ಬಂದ ಅತ್ತೆ ಬಾಯಿಗೆ ಕೈಯಿಟ್ಟರು.

"ಏನೇ ಇದು, ಬೆಳಬೆಳಿಗ್ಗೆ ಹೂವಿಗೆ ಮದ್ವೆ ಮಾಡಿಸ್ತಿದೀಯಾ?"

"ಪುರೋಹಿತರನ್ನ ನಿಮ್ಮ ಮಗ ಕೊಂದು ಹಾಕಿದ್ರಲ್ಲ, ಇನ್ನೇನ್ ಮಾಡ್ಲಿ?" ಎಂದೆ. ಅತ್ತೆಗೆ ಎಷ್ಟು ನಗು ಬಂತೆಂದರೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಒಲೆಯ ಮೇಲೆ ಹಾಲು ಉಕ್ಕುವುದು, ಹೂ ಮುದುಡುವ ಮುಂಚೆ ಈ ಕೆಲಸ ಮುಗಿಯಬೇಕಾದದ್ದು, ಎರಡೂ ಸೇರಿ ನನಗೆ ಸಾಕಾಗಿಹೋಯಿತು. ಒಂದು ಭಾನುವಾರ ಗಂಡನ ಕೈಗೆ ಗಂಡು ಹೂ ಕೊಟ್ಟೆ. "ಪಂಪು ಹೊಡೆಯೋದಾದ್ರೆ ಜೇನಿನ ಕೆಲಸಾನೂ ನೀವೇ ಮಾಡ್ಬೇಕು. ದಿನಾ, ಆಫೀಸಿಗೆ ಹೋಗೋ ಮುಂಚೆ."

ಅವರು ಒಂದು ವಾರ ಮಾಡಿದರು, ಪಾಪ. ತೋಟದಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು, ಬಿಳಿ ಶರಟಿನ ತೋಳಿಗೆ ಹಳದಿ ಕಲೆ ಅಂಟಿ ಹೋಗಲಿಲ್ಲ. "ಇಷ್ಟೊಂದು ಹೂವಿಗೆ ಒಂದು ನೊಣದ ಗಾತ್ರದ್ದು ಹೇಗೆ ಓಡಾಡುತ್ತೆ ಮಾರಾಯ್ತಿ," ಎಂದು ಗೊಣಗಿದರು. ಆಮೇಲೆ ಪಂಪು ಅಟ್ಟ ಸೇರಿತು. ತಪ್ಪಾಯಿತೆಂದು ಮಾತ್ರ ಬಾಯಲ್ಲಿ ಬರಲಿಲ್ಲ.

ನಾವು ಕೈಯಾರೆ ಮಾಡಿಸಿದ ಮದುವೆಗಳಲ್ಲಿ ಮೂರು ಕಾಯಿ ನಿಂತವು. ಆ ವರ್ಷದ ಅವರೆ ಪೂರ್ತಿ ಹಾಳಾಯಿತು, ಸಂಕ್ರಾಂತಿಗೆ ಮಾರ್ಕೆಟ್ಟಿನಿಂದ ತರಿಸಬೇಕಾಯಿತು. ಮುಂದಿನ ಚಳಿಗಾಲ ಹೇನು ಬಂತು, ತಡವಾಗಿಯಾದರೂ ಕೆಂಪು ಹುಳು ಬಂತು. ಕುಂಬಳದ ಹೂವಿನಲ್ಲಿ ಜೇನು ಹೊರಳಾಡುತ್ತಿತ್ತು.

ಒಂದು ಸಂಜೆ ಕಾಂಪೌಂಡಿನ ಬಳಿ ಗಂಡನ ದನಿ ಕೇಳಿಸಿತು. ಎದುರು ಮನೆಗೆ ಹೊಸದಾಗಿ ಬಂದವರು ತಮ್ಮ ಅವರೆಗೆ ಏನು ಹೊಡೆಯಬೇಕೆಂದು ಕೇಳಿದ್ದರು.

"ಏನೂ ಹೊಡೀಬೇಡಿ ಸಾರ್," ಎನ್ನುತ್ತಿದ್ದರು ನನ್ನ ಗಂಡ, ಮೇಷ್ಟರ ಗತ್ತಿನಲ್ಲಿ. "ಪ್ರಕೃತೀಲಿ ಒಂದನ್ನ ಇನ್ನೊಂದು ತಿನ್ಕೊಂಡು ಎಲ್ಲಾ ಒಂದು ಹದದಲ್ಲಿರುತ್ತೆ. ನಮ್ಮನೇಲಿ ಹೇಳಿದ್ರೆ ಅರ್ಥಾನೇ ಆಗಲ್ಲ. ನಾನೇ ಗಮನಿಸಿ ಕಂಡುಕೊಂಡಿದ್ದು."

ಕೈಯಲ್ಲಿದ್ದ ಕಾಫಿ ಲೋಟಗಳನ್ನು ಒಳಕ್ಕೇ ವಾಪಸ್ಸು ತಂದೆ. ಒಂದನ್ನು ಅತ್ತೆಗೆ ಕೊಟ್ಟೆ, ಇನ್ನೊಂದನ್ನು ನಾನೇ ಕುಡಿದೆ.